ಟ್ರೈಲರ್ ಮೇಲೆ ಹಿಮ, ಕೈಯಲ್ಲಿ ಪೊರಕೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ದಕ್ಷಿಣಕ್ಕೆ, ಈರಿ ಸರೋವರದ ಹತ್ತಿರ ನಮ್ಮ ಮನೆ. ಸರೋವರ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಹಾದು ಬರುವ ಕೊರೆಯುವ ಗಾಳಿ ತೇವವನ್ನೆಲ್ಲ ಹೊತ್ತು ತಂದು ನಮ್ಮ ತಲೆ ಮೇಲೆ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ನಾಲ್ಕು ದಿನಕ್ಕೆ ಸುಮಾರು 80 ಇಂಚು ಹಿಮ ಬಿತ್ತು. ನಾನು ತೀರ್ಥಹಳ್ಳಿ ಕಡೆಯವನು, ಮಳೆ ನೋಡಿ ಬೆಳೆದವನು. ಮಳೆಯಾದರೆ ಹರಿದು ಹೋಗುತ್ತದೆ, ಇದು ಬಂದು ಕೂತುಬಿಡುತ್ತದೆ.

ನಮ್ಮದು 24 ಅಡಿಯ ಟ್ರೈಲರ್, ಗಾಡಿಯ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಚಕ್ರದ ಮನೆ. ಗ್ಯಾರೇಜಿಗೆ ಹಿಡಿಸುವುದಿಲ್ಲ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಂಗಳದಲ್ಲೇ ನಿಲ್ಲಬೇಕು. ಊರಲ್ಲಿ ಮಳೆಗಾಲಕ್ಕೆ ಮುಂಚೆ ಗೋಡೆಗೆ ಸೋಗೆ ಕಟ್ಟುವ ಬುದ್ಧಿ ನನ್ನದು. ಮೊದಲ ವರ್ಷ ನೀಲಿ ಟಾರ್ಪಾಲು ತಂದು ಬಿಗಿದು ಕಟ್ಟಿದೆ. ಅದು ರಾತ್ರಿಯೆಲ್ಲ ಪಟಪಟ ಬಡಿದುಕೊಂಡು, ಅಂಚಿನ ಲೋಹದ ಬಳೆಗಳು ಬಣ್ಣ ಕೆರೆದು ಹಾಕಿದವು. ಬಿಚ್ಚಿದಾಗ ಒಳಗೆ ಮುಗ್ಗಲು ವಾಸನೆ. ಈಗ ಏನೂ ಹೊದಿಸುವುದಿಲ್ಲ. ಗಾಳಿಯಾಡುವ ಬಟ್ಟೆಯ ಕವರ್ ಸಿಗುತ್ತದೆ, ಹಾಕುವವರು ಹಾಕಲಿ. ನನಗೆ ಹಿಮ ಗುಡಿಸುವಾಗ ಅಡ್ಡವಾಗುತ್ತದೆ.

ಎರಡನೇ ವರ್ಷದ ಎಡವಟ್ಟು ಇನ್ನೂ ದುಬಾರಿ. ಭಾರಕ್ಕೆ ಛಾವಣಿ ಕುಸಿದೀತು ಎಂಬ ಹೆದರಿಕೆಯಲ್ಲಿ ಸಲಿಕೆ ಹಾಕಿ ಗಡಿಬಿಡಿಯಲ್ಲಿ ಕೆರೆದೆ. ಛಾವಣಿಯ ಗಾಳಿಕಿಂಡಿಯ ಸುತ್ತ ನೀರು ಇಳಿಯದಂತೆ ಬಳಿದಿದ್ದ ಸೀಲೆಂಟ್ ಅಂಟು ಬೆರಳಗಲ ಕಿತ್ತು ಬಂದದ್ದು ಕಾಣಲೇ ಇಲ್ಲ. ಹಗಲು ಕರಗಿದ ನೀರು ಆ ಸಂದಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಮರುದಿನ ಇನ್ನಷ್ಟು ಒಳಗೆ. ಮಾರ್ಚಿನಲ್ಲಿ ನೋಡಿದರೆ ಮಂಚದ ಮೇಲ್ಗಡೆ ಕಾಫಿ ಚೆಲ್ಲಿದಂಥ ಕಲೆ, ಒತ್ತಿದರೆ ಬೆರಳು ಒಳಕ್ಕೆ ಹೋಗುತ್ತಿತ್ತು.

ಹಾಗಾಗಿ ಈಗ ನನ್ನ ಕೆಲಸ ಶುರುವಾಗುವುದು ಅಕ್ಟೋಬರಿನ ಒಂದು ಬಿಸಿಲು ದಿನ. ಏಣಿ ಹಾಕಿ ಗಾಳಿಕಿಂಡಿ, ಆಂಟೆನಾ, ಛಾವಣಿಯ ಅಂಚುಗಳ ಸೀಲೆಂಟನ್ನು ಉಗುರಿನಿಂದ ಒತ್ತಿ ನೋಡುತ್ತೇನೆ. ಬಿರುಕಿದ್ದಲ್ಲಿ ಒರೆಸಿ, ಒಣಗಿಸಿ, ಹೊಸದು ಹಾಕುತ್ತೇನೆ. ಸ್ಲೈಡ್-ಔಟ್, ಅಂದರೆ ಪಕ್ಕಕ್ಕೆ ಚಾಚುವ ಕೋಣೆಯ ಭಾಗವನ್ನು ಒಳಕ್ಕೆ ಎಳೆದು, ಜ್ಯಾಕ್ ತಿರುಗಿಸಿ ಟ್ರೈಲರಿನ ಮೂತಿಯನ್ನು ಒಂದೆರಡು ಇಂಚು ಎತ್ತುತ್ತೇನೆ. ಕರಗಿದ ನೀರು ನಿಲ್ಲದೆ ಹಿಂದಕ್ಕೆ ಹರಿಯಲಿ ಅಂತ.

ಭಾರದ ಲೆಕ್ಕಕ್ಕೆ ಮನೆಯವಳ ಚಕ್ಕುಲಿ ಡಬ್ಬಿ ಕದ್ದೆ. ನೇರ ಗೋಡೆಯ ಸ್ಟೀಲ್ ಡಬ್ಬಿ. ಹಿಮಕ್ಕೆ ಬುಡದವರೆಗೆ ಒತ್ತಿ, ತುಂಬಿಸಿ ತಂದು, ಒಲೆಯ ಪಕ್ಕ ಕರಗಿಸಿ, ನೀರಿಗೆ ಸ್ಕೇಲ್ ಹಿಡಿಯುವುದು. ಒಂದು ಇಂಚು ನೀರೆಂದರೆ ಚದರ ಅಡಿಗೆ 5.2 ಪೌಂಡ್. ಒಮ್ಮೆ 10 ಇಂಚು ಹಸಿ ಹಿಮ ಕರಗಿ 2 ಇಂಚು ನೀರಾಯಿತು. 8 ಅಡಿ ಅಗಲದ ನಮ್ಮ ಛಾವಣಿಗೆ ಲೆಕ್ಕ ಹಾಕಿದರೆ ಸುಮಾರು 900 ಕೆಜಿ! ಪುಡಿಪುಡಿಯಾದ ಒಣ ಹಿಮವಾದರೆ ಅಷ್ಟೇ ಎತ್ತರಕ್ಕೆ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಎತ್ತರಕ್ಕಿಂತ ಡಬ್ಬಿಯನ್ನೇ ನಂಬುತ್ತೇನೆ.

ಗುಡಿಸುವುದು ಉದ್ದ ಕೋಲಿನ ಮೆತ್ತನೆ ಪೊರಕೆಯಿಂದ, ಏಣಿಯ ಮೇಲೆ ನಿಂತೇ. ಛಾವಣಿ ಹತ್ತುವುದಿಲ್ಲ. ಕೊನೆಯ ಒಂದೆರಡು ಇಂಚು ಹಾಗೇ ಬಿಡುತ್ತೇನೆ, ಅಂಟಿದ ಮಂಜುಗಡ್ಡೆಯನ್ನು ಮುಟ್ಟುವುದೇ ಇಲ್ಲ. ಅದು ಬಿಸಿಲಿನ ಪಾಲು.

ಉಳಿದದ್ದು ಎಲ್ಲರೂ ಮಾಡುವುದೇ. ಬ್ಯಾಟರಿ ಬಿಚ್ಚಿ ನೆಲಮಾಳಿಗೆಗೆ ತರುತ್ತೇನೆ, ಚಾರ್ಜ್ ಇಳಿದದ್ದು ಬೇಗ ಹೆಪ್ಪುಗಟ್ಟಿ ಒಡೆಯುತ್ತದೆ. ನೀರು ಪೂರ್ತಿ ಬಸಿದು, ಕೊಳವೆಗಳಿಗೆ ಇಂಥ ಗಾಡಿಗಳಿಗೆಂದೇ ಸಿಗುವ, ಚಳಿಗೆ ಕೊಳವೆ ಒಡೆಯದಂತೆ ಕಾಯುವ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬಿಸಿ, ಒಂದೊಂದೇ ನಲ್ಲಿಯಲ್ಲಿ ಆ ಬಣ್ಣ ಬರುವವರೆಗೆ ಬಿಡಬೇಕು. ಕಳೆದ ವರ್ಷ ಹೊರಗಿನ ಶವರ್‌ನ ನಲ್ಲಿಯೊಂದು ಮರೆತುಹೋಗಿತ್ತು. ಏಪ್ರಿಲ್‌ನಲ್ಲಿ ನೀರು ಹಾಯಿಸಿದ ಕೂಡಲೇ ಅಲ್ಲಿಂದಲೇ ಕಾರಂಜಿ.