ಬಿಂದಿಗೆ ಹಗ್ಗ ಎಳೆಯುತ್ತದಾ?

ನನ್ನದು ಮಂಡ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ವಾಟರ್ ಸ್ಕೀಯಿಂಗ್, ಅಂದರೆ ಕಾಲಿಗೆ ಹಲಗೆಯಂಥ ಸ್ಕೀ ಹಾಕಿಕೊಂಡು ಓಡುವ ಬೋಟಿನ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ, ಅದರ ಹುಚ್ಚು ಹತ್ತಿ ಹನ್ನೊಂದು ವರ್ಷವಾಯಿತು. ಕಲಿಯಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದೇ ಬೋಟಿನ ರೇಟು. ಅದು ಆಮೇಲಿನ ಮಾತು. ಮೊದಲು ಗೊತ್ತಿರುವವರ ಬೋಟಿನ ಹಿಂದೆ ಹತ್ತು ಸಲವಾದರೂ ಬಿದ್ದು ಎದ್ದು ಬನ್ನಿ.

ಎಷ್ಟೇ ಚೆನ್ನಾಗಿ ಈಜು ಬರಲಿ, ಲೈಫ್ ಜಾಕೆಟ್ ಬೇಕು. ತೊಟ್ಟ ಮೇಲೆ ಯಾರಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಲಿ. ಗಲ್ಲದವರೆಗೂ ಜಾರಿ ಬಂದರೆ ಅದು ನಿಮ್ಮ ಅಳತೆಯದ್ದಲ್ಲ. ಮೊದಲಿಗೆ ಅಗಲವಾದ ಜೋಡಿ ಸ್ಕೀ ಸಾಕು, ಒಂಟಿ ಸ್ಕೀ ಆಸೆ ಈಗಲೇ ಬೇಡ.

ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗೆ ಮುದುಡಿಕೊಳ್ಳಿ. ಮಂಡಿ ಎದೆಗೆ, ಸ್ಕೀ ತುದಿ ಗೇಣುದ್ದ ನೀರಿನ ಮೇಲೆ, ಹಗ್ಗ ಎರಡು ಸ್ಕೀ ನಡುವೆ, ಕೈ ನೇರ. ಬೋಟು ಮೆಲ್ಲಗೆ ಮುಂದೆ ಹೋಗಿ ಹಗ್ಗ ಬಿಗಿಯಾದ ಮೇಲೆಯೇ "ಹೋಗ್ಲಿ" ಅಂತ ಕೂಗಿ. ಆಗ ನೀರು ಅಂಗಾಲನ್ನು ಒತ್ತುತ್ತದೆ, ಮುಖಕ್ಕೆ ರಾಚುತ್ತದೆ, ಎದ್ದುಬಿಡೋಣ ಅನಿಸುತ್ತದೆ. ಎಲ್ಲರೂ ಬೀಳುವುದು ಅಲ್ಲೇ. ಹಿಡಿಕೆಯನ್ನು ಎದೆಗೆ ಎಳೆದುಕೊಂಡರೆ ಹಗ್ಗ ಒಂದು ಕ್ಷಣ ಸಡಿಲವಾಗುತ್ತದೆ, ಸ್ಕೀ ಮುಂದಕ್ಕೆ ಜಾರುತ್ತದೆ, ನೀವು ಬೆನ್ನಡಿಯಾಗಿ ನೀರಿಗೆ.

ನಾನು ಏಳು ಸಲ ಹಾಗೇ ಬಿದ್ದೆ. ಬೋಟಿನಲ್ಲಿದ್ದ ಹಿರಿಯರೊಬ್ಬರು ಕೂಗಿ ಹೇಳಿದರು: "ಬಾವಿಯಿಂದ ಬಿಂದಿಗೆ ಬರೋದು ನೋಡಿಲ್ವೇನ್ಲಾ? ಬಿಂದಿಗೆ ಹಗ್ಗ ಎಳೀತದಾ? ಸುಮ್ಕೆ ಬರ್ತದೆ. ಹಂಗ್ ಬಾ." ಎಂಟನೇ ಸಲ ಮುದುಡಿಕೊಂಡೇ ಇದ್ದೆ. ಸ್ಕೀ ತಾನಾಗಿ ನೀರಿನ ಮೇಲೆ ಬಂತು, ಕಾಲ ಕೆಳಗೆ ನೀರು ಟಾರು ರಸ್ತೆಯಷ್ಟು ಗಟ್ಟಿಯಾಯಿತು. ಆಗ ನಿಧಾನವಾಗಿ ಎದ್ದೆ. ಇವತ್ತಿಗೂ ಕಲಿಸುವಾಗ ನನ್ನ ಬಾಯಲ್ಲಿ ಅದೇ ಬಿಂದಿಗೆ.

ಹಗ್ಗ 23 ಮೀಟರ್ ಇರುತ್ತದೆ. ಹೊಸಬರಿಗೆ ಗಂಟೆಗೆ 25ರಿಂದ 30 ಕಿಲೋಮೀಟರ್ ವೇಗ ಸಾಕು. ಬೋಟಿನಲ್ಲಿ ಇಬ್ಬರಿರಲೇಬೇಕು: ಓಡಿಸುವವರ ಕಣ್ಣು ಮುಂದೆ, ಇನ್ನೊಬ್ಬರ ಕಣ್ಣು ನಿಮ್ಮ ಮೇಲೆ. ಹೆಬ್ಬೆರಳು ಮೇಲೆ ಅಂದರೆ ಜೋರು, ಕೆಳಗೆ ಅಂದರೆ ನಿಧಾನ. ಬಿದ್ದರೆ ಮೊದಲು ಹಿಡಿಕೆ ಬಿಡಿ, ಆಮೇಲೆ ತಲೆಯ ಮೇಲೆ ಕೈ ಜೋಡಿಸಿ ತೋರಿಸಿ, ಪೆಟ್ಟಾಗಿಲ್ಲ ಅಂತ ಅರ್ಥ. ನೀವು ಬೋಟು ಹತ್ತುವ ಮೊದಲು ಎಂಜಿನ್ ಪೂರ್ತಿ ಆಫ್ ಆಗಿರಬೇಕು. ಪ್ರೊಪೆಲರ್ ಹತ್ತಿರ ನ್ಯೂಟ್ರಲ್ ನಂಬಬೇಡಿ.

ಜಾಗದ ವಿಷಯ. ಕನ್ನಂಬಾಡಿ ಹಿನ್ನೀರು ಎಷ್ಟೇ ವಿಶಾಲವಾಗಿ ಕಂಡರೂ ಅದು ಅಣೆಕಟ್ಟೆಯ ನೀರು. ಲಿಖಿತ ಅನುಮತಿ ಇಲ್ಲದೆ ಬೋಟು ಇಳಿಸಬೇಡಿ. ಕಟ್ಟೆ ತುಂಬಿದಾಗ 124.80 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ಬಂಡೆ, ಮರದ ಬೊಡ್ಡೆ ಎಲ್ಲ ಮೇಲಕ್ಕೆ ಬರುತ್ತವೆ. ಕಣ್ಣಿಗೆ ಬಿದ್ದದ್ದರಿಂದ ಭಯವಿಲ್ಲ, ಮೊಳದಷ್ಟು ನೀರಿನಡಿ ಅಡಗಿರುವುದೇ ಅಪಾಯ. ತೆಪ್ಪದಲ್ಲಿ ಮೀನು ಹಿಡಿಯುವ ಅಣ್ಣಂದಿರನ್ನು ಕೇಳಿ. ಬೊಡ್ಡೆ ಎಲ್ಲಿದೆ, ಬಲೆ ಎಲ್ಲಿ ಬಿಟ್ಟಿದ್ದಾರೆ ಅವರಿಗೆ ಗೊತ್ತು. ಅವರ ಬಲೆ ಹರಿದರೆ ಅವರ ಅನ್ನ ಹರಿದಂತೆ. ನಾಲೆಗಳಲ್ಲಿ ಬೇಡವೇ ಬೇಡ. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಮೊಸಳೆಗಳೂ ಇವೆ, ಆ ಕಡೆ ಯೋಚನೆಯನ್ನೂ ಮಾಡಬೇಡಿ.

ಈಗ ಬೋಟು. ಎಂಜಿನ್ ಬೋಟಿನ ನಡುಭಾಗದಲ್ಲೇ ಇರುವ ಅಸಲಿ ಸ್ಕೀ ಬೋಟಿನ ಹಿಂದೆ ಅಲೆ ಚಪ್ಪಟೆಯಾಗಿರುತ್ತದೆ, ಆದರೆ ಮೊದಲ ಬೋಟಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಹದಿನಾರು, ಹದಿನೇಳು ಅಡಿಯ ಫೈಬರ್ ಬೋಟು, ಹಿಂಬದಿಗೆ ಹೊರಗೆ ಕೂರಿಸುವ 90 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಪೂರ್ತಿ ಎಳೆತದಲ್ಲಿ ಗಂಟೆಗೆ ಸುಮಾರು 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಲೆಕ್ಕ ಹಾಕಿಕೊಳ್ಳಿ. 2021ರ ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆಯ ಪ್ರಕಾರ ನೋಂದಣಿಯೂ ಬೇಕು, ವಿಮೆಯೂ ಬೇಕು.

ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಎಂಜಿನ್ ಕೂರುವ ಹಿಂದಿನ ಹಲಗೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಮರ ಕೊಳೆತಿದೆ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ, ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಸೀಲ್ ಹೋಗಿ ನೀರು ನುಗ್ಗಿದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಸಿ, ಸಿಲಿಂಡರುಗಳ ನಡುವೆ ಹತ್ತು ಪರ್ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟು ಬನ್ನಿ. ಸ್ಟಾರ್ಟ್ ಆದ ಮೇಲೆ ಎಂಜಿನ್ ಪಕ್ಕದಿಂದ ತಂಪು ಮಾಡುವ ನೀರಿನ ಸಣ್ಣ ಧಾರೆ ಚಿಮ್ಮುತ್ತಿರಬೇಕು. ಅದು ನಿಂತರೆ ಆ ಕ್ಷಣವೇ ಆಫ್ ಮಾಡಿ.

ಬೋಟು ಸಾಗಿಸುವ ಟ್ರೇಲರಿನ ಚಕ್ರದ ಬೇರಿಂಗನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಓಡಿ ಬಿಸಿಯಾದ ಬೇರಿಂಗನ್ನು ಹಾಗೇ ತಣ್ಣೀರಿಗೆ ಇಳಿಸಿದರೆ ಒಳಕ್ಕೆ ನೀರು ಹೀರಿಕೊಳ್ಳುತ್ತದೆ. ದಡದಲ್ಲಿ ಅರ್ಧ ಗಂಟೆ ಆರಲು ಬಿಡಿ, ಅಷ್ಟರಲ್ಲಿ ಒಂದು ಟೀ ಆಗುತ್ತದೆ.

ಬೋಟಿನ ತಳದಲ್ಲಿ ನೀರು ಬಸಿಯುವ ತೂತಿಗೆ ಒಂದು ಬಿರಡೆ ಇರುತ್ತದೆ. ಮೊದಲ ವರ್ಷ ಅದನ್ನು ಹಾಕದೆ ಬೋಟು ಇಳಿಸಿದ್ದೆ. ಅದರಲ್ಲಿ ನನ್ನ ತಂಗಿಯ ಮಗನೂ ಇದ್ದ. ದಡ ಬಿಟ್ಟು ಐದು ನಿಮಿಷಕ್ಕೆ "ಮಾವ, ಕಾಲು ನೆನೀತಿದೆ" ಅಂದ. ವಾಪಸ್ ದಡ ಮುಟ್ಟುವಾಗ ನೀರು ಹಿಮ್ಮಡಿ ದಾಟಿತ್ತು. ಅವತ್ತಿನಿಂದ ಬಿರಡೆಯನ್ನು ಬೋಟಿನ ಕೀ ಜೊತೆ ಒಂದೇ ರಿಂಗಿನಲ್ಲಿ ಇಟ್ಟಿದ್ದೇನೆ. ಅದನ್ನು ರಿಂಗಿನಿಂದ ಕಳಚಿ ತೂತಿಗೆ ತಿರುಗಿಸಿ ಬಿಗಿಮಾಡಿದ ಮೇಲೆಯೇ ಕೀ ನನ್ನ ಕೈಗೆ ಬರುತ್ತದೆ.