48 ಪಾರ್ಟಿಷನ್, ಒಂದು ತಿಂಗಳ ಲೆಕ್ಕ: ನನ್ನ ಅನುಭವ

ನಮ್ಮ ಆರ್ಡರ್ ಟೇಬಲ್ ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಅದನ್ನು ತಿಂಗಳಿಗೊಂದರಂತೆ ಪಾರ್ಟಿಷನ್ ಮಾಡಿದೆ, ಅಂದರೆ ಸಣ್ಣ ತುಂಡುಗಳಾಗಿ ಒಡೆದೆ. ನಾಲ್ಕು ವರ್ಷದ ಡೇಟಾ, 48 ಪಾರ್ಟಿಷನ್. ಇನ್ನು ರಿಪೋರ್ಟ್ ಬೇಗ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಓಡಿಸಿದೆ. ಅಪೆಂಡ್ ಅನ್ನೋ ಸಾಲಿನ ಕೆಳಗೆ ಸ್ಕ್ಯಾನ್‌ಗಳ ಉದ್ದ ಪಟ್ಟಿ. ಕೂತು ಎಣಿಸಿದೆ. 48ಕ್ಕೆ 48 ಪಾರ್ಟಿಷನ್ನೂ ಓದಿತ್ತು. ನಾನು ಕೇಳಿದ್ದು ಬರೀ ಮಾರ್ಚ್ ತಿಂಗಳ ಲೆಕ್ಕ!

ತಪ್ಪು ಇದ್ದದ್ದು ಯಾವ ಡೇಟಾ ಬೇಕು ಅಂತ ಹೇಳುವ ವೇರ್ ಸಾಲಿನಲ್ಲಿ. ದಿನಾಂಕದ ಕಾಲಂ ಅನ್ನು ಡೇಟ್ ಟ್ರಂಕ್ ಫಂಕ್ಷನ್ (ದಿನಾಂಕವನ್ನು ತಿಂಗಳ ಮೊದಲ ದಿನಕ್ಕೆ ಇಳಿಸುವಂಥದ್ದು) ಒಳಗೆ ಹಾಕಿ, ಅದು ಮಾರ್ಚ್ 1ಕ್ಕೆ ಸಮವೇ ಅಂತ ಕೇಳಿದ್ದೆ. ಓದೋಕೆ ಚೆನ್ನಾಗಿತ್ತು. ಆದರೆ ಪಾರ್ಟಿಷನ್‌ಗಳ ಗಡಿ ಹಾಕಿರುವುದು ಕಾಲಂ ಮೇಲೆ, ಫಂಕ್ಷನ್ ಕೊಡುವ ಉತ್ತರದ ಮೇಲಲ್ಲ. ಹಾಗಾಗಿ ಕ್ವೆರಿ ಹೇಗೆ ಓಡಬೇಕು ಅಂತ ತೀರ್ಮಾನಿಸುವ ಪ್ಲಾನರ್‌ಗೆ ಯಾವುದನ್ನೂ ಬಿಡೋಕೆ ಆಗಲ್ಲ. 'ಮಾರ್ಚ್ 1 ಅಥವಾ ನಂತರ, ಏಪ್ರಿಲ್ 1ಕ್ಕಿಂತ ಮೊದಲು' ಅಂತ ಕಾಲಂ ಅನ್ನೇ ನೇರವಾಗಿ ಇಟ್ಟು ಬರೆದೆ. ಪ್ಲಾನ್‌ನಲ್ಲಿ ಉಳಿದದ್ದು ಒಂದೇ ಪಾರ್ಟಿಷನ್. ಇಲ್ಲಿ ಬಿಟ್ವೀನ್ ಬಳಸಿ 31ಕ್ಕೆ ನಿಲ್ಲಿಸಬೇಡಿ. ಕಾಲಂನಲ್ಲಿ ಗಂಟೆ, ನಿಮಿಷವೂ ಇದ್ದರೆ 31 ಅಂದರೆ ಆ ದಿನ ಶುರುವಾಗುವ ಕ್ಷಣ ಅಂತಾಗಿ, 31ರ ಇಡೀ ದಿನದ ಆರ್ಡರ್‌ಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

'ಕಳೆದ 30 ದಿನ' ಅಂತ, ಈಗಿನ ಸಮಯ ಕೊಡುವ ನೌ ಫಂಕ್ಷನ್ ಬಳಸುವ ಕ್ವೆರಿ ಬಗ್ಗೆಯೂ ಭಯ ಇತ್ತು. ಅದು ಸುಮ್ನೆ ಭಯ. ಅಲ್ಲಿ ಫಂಕ್ಷನ್ ಇರುವುದು ಕಾಲಂ ಮೇಲಲ್ಲ, ಆಚೆ ಬದಿಯಲ್ಲಿ, ಅಲ್ವಾ? 11ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಕ್ವೆರಿ ಓಡಿಸುವಾಗಲೂ ಬೇಡದ ಪಾರ್ಟಿಷನ್‌ಗಳನ್ನು ಕೈಬಿಡುತ್ತದೆ. ಪ್ಲಾನ್‌ನಲ್ಲಿ 'ಸಬ್‌ಪ್ಲಾನ್ಸ್ ರಿಮೂವ್ಡ್: 46' ಅಂತ ನೋಡಿದಾಗ ನಿಜಕ್ಕೂ ಖುಷಿಯಾಯಿತು.

ಜಾಸ್ತಿ ಸಮಯ ತಿಂದದ್ದು ಜಾಯಿನ್, ಅಂದರೆ ಎರಡು ಟೇಬಲ್‌ಗಳನ್ನು ಜೋಡಿಸುವ ಕೆಲಸ. ಐಟಂ ಟೇಬಲ್ ಕೂಡ ಅದೇ ತಿಂಗಳ ಗಡಿಗಳಲ್ಲಿ ಪಾರ್ಟಿಷನ್ ಆಗಿತ್ತು. ಆದರೂ ವರ್ಷದ ರಿಪೋರ್ಟ್‌ನಲ್ಲಿ ಎರಡೂ ಕಡೆಯ ಸಾಲುಗಳನ್ನು ಒಂದೇ ರಾಶಿ ಮಾಡಿ ಜೋಡಿಸುತ್ತಿತ್ತು. ಎರಡು ಬದಲಾವಣೆ ಬೇಕಾಯಿತು. ಆರ್ಡರ್ ನಂಬರ್ ಜೊತೆ ದಿನಾಂಕವನ್ನೂ ಜಾಯಿನ್ ಷರತ್ತಿಗೆ ಸೇರಿಸಿದೆ. ಒಂದು ಪಾರ್ಟಿಷನ್ನನ್ನು ಅದರ ಜೋಡಿ ಪಾರ್ಟಿಷನ್ ಜೊತೆ ಮಾತ್ರ ಜೋಡಿಸುವ ಪಾರ್ಟಿಷನ್‌ವೈಸ್ ಜಾಯಿನ್ ಸೆಟ್ಟಿಂಗ್ ಆನ್ ಮಾಡಿದೆ. ಅದು ಮೊದಲಿಂದ ಆಫ್ ಆಗಿರುತ್ತದೆ, ಯಾಕಂದ್ರೆ ಪ್ಲಾನ್ ಮಾಡೋಕೆ ಸಮಯ, ಮೆಮೊರಿ ಎರಡೂ ಹೆಚ್ಚು ಬೇಕು. ಅದಕ್ಕೇ ರಿಪೋರ್ಟ್‌ನ ಸೆಷನ್‌ಗೆ ಮಾತ್ರ ಆನ್ ಮಾಡಿದೆ.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಹಿನ್ನೆಲೆಯಲ್ಲಿ ತಾನಾಗಿ ಓಡುವ ಆಟೋವ್ಯಾಕ್ಯೂಮ್ ಒಂದೊಂದು ಪಾರ್ಟಿಷನ್ನನ್ನೂ ಅನಲೈಜ್ ಮಾಡುತ್ತದೆ (ಪ್ಲಾನರ್‌ಗೆ ಬೇಕಾದ ಅಂಕಿಅಂಶ ಸಂಗ್ರಹಿಸುತ್ತದೆ), ಆದರೆ ಮೇಲಿನ ಮುಖ್ಯ ಟೇಬಲ್ ಅನ್ನು ಮುಟ್ಟುವುದಿಲ್ಲ. ಪ್ಲಾನ್‌ನಲ್ಲಿ ಸಾಲುಗಳ ಅಂದಾಜು ಎಲ್ಲೋ, ನಿಜ ಎಲ್ಲೋ ಇತ್ತು. ಈಗ ದಿನಾ ರಾತ್ರಿ ಮುಖ್ಯ ಟೇಬಲ್ ಮೇಲೆ ಅನಲೈಜ್ ಓಡುತ್ತದೆ.

ಒಬ್ಬ ಗ್ರಾಹಕರ ಎಲ್ಲ ಆರ್ಡರ್ ತೋರಿಸುವ ಕ್ವೆರಿ ಮಾತ್ರ ಇವತ್ತಿಗೂ 48 ಪಾರ್ಟಿಷನ್‌ನ ಇಂಡೆಕ್ಸ್‌ಗಳನ್ನೂ ತಡಕುತ್ತದೆ. ಅದರಲ್ಲಿ ದಿನಾಂಕವೇ ಇಲ್ಲ. ಹಾಗಾಗಿ ಸ್ಕ್ರೀನ್ ಅನ್ನೇ ಬದಲಿಸಿದೆವು. ಮೊದಲು 90 ದಿನದ ಆರ್ಡರ್ ಬರುತ್ತವೆ, ಹಳೆಯವು ಬೇಕಿದ್ದರೆ ಒಂದು ಬಟನ್ ಒತ್ತಬೇಕು.