ಕತೆಯೊಳಗೆ ಮಲ್ಲಿಗೆ ಬಂದಾಗ

ಮೊದಲ ಕರಡು ಬರೆಯುವಾಗ ನಾನು ಸಂಕೇತದ ಗೊಡವೆಗೇ ಹೋಗುವುದಿಲ್ಲ. ಒಂದೆರಡು ವಾರ ಬಿಟ್ಟು ಓದಿ, ತಾನಾಗಿಯೇ ಮತ್ತೆ ಮತ್ತೆ ಬಂದ ವಸ್ತುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಅದರಲ್ಲಿ ಒಂದನ್ನು ಇಟ್ಟುಕೊಳ್ಳುತ್ತೇನೆ. ಸಣ್ಣಕತೆಗೆ ಅಷ್ಟು ಸಾಕು. ಹೆಚ್ಚಾದರೆ ಓದುಗರು ಕತೆ ಬಿಟ್ಟು ಒಗಟು ಬಿಡಿಸಲು ಕೂರುತ್ತಾರೆ.

ಉಳಿದದ್ದು ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಎಂದಿಟ್ಟುಕೊಳ್ಳಿ. ಪ್ರೀತಿಯನ್ನೋ ಮುತ್ತೈದೆತನವನ್ನೋ ಸೂಚಿಸುವ ಮೊದಲು ಅದು ಆ ಮನೆಯ ಸಂಪಾದನೆಯಾಗಿರಬೇಕು. ಬೆಳಗ್ಗೆ ಬೇಗ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬೇರೆ. ಈ ಲೆಕ್ಕ ಗೊತ್ತಿದ್ದರೆ ಗಂಡ ತೀರಿಹೋದ ಹೆಂಗಸಿನ ಬಗ್ಗೆ 'ತನ್ನ ಬಾಳೂ ಈ ಹೂವಿನಂತೆ ಬಾಡಿತು' ಎಂದು ಬರೆಯುವ ಅಗತ್ಯ ಬೀಳುವುದಿಲ್ಲ. ಆ ಜಾಗದಲ್ಲಿ ಹೀಗೆ ಬರೆಯಬಹುದು: 'ಅಟ್ಟೆ ಕಟ್ಟಿ ಮುಗಿದಾಗ ಏಳೆಂಟು ಮೊಗ್ಗು ಮಿಕ್ಕವು. ಮಗಳ ಕಡೆಗೆ ಸರಿಸಿ, ನಾರಿನ ಚೂರು ಗುಡಿಸಿದಳು.' ಸಂಕೇತ ಹೊಳೆಯದವರಿಗೂ ಇಲ್ಲಿ ದೃಶ್ಯ ಪೂರ್ತಿಯಾಗಿದೆ. ಹೊಳೆದವರಿಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ.

ತಿದ್ದುವಾಗ 'ಅಂತೆ', 'ಹಾಗೆ', 'ಎನಿಸಿತು' ಇರುವ ವಾಕ್ಯಗಳನ್ನು ಹುಡುಕುತ್ತೇನೆ. ಅರ್ಥ ವಿವರಿಸುವ ಸಾಲು ಬಹುತೇಕ ಅಲ್ಲೇ ಅಡಗಿರುತ್ತದೆ. ಹೂವು ಒಟ್ಟು ಮೂರು ಸಲ ಬಂದರೆ ಧಾರಾಳ. ಕತೆಯ ಕೊನೇ ಸಾಲಿನಲ್ಲಿ ಮಾತ್ರ ಇಡುವುದಿಲ್ಲ, ಅಲ್ಲಿ ಬರೆದವರ ಕೈ ಕಂಡುಬಿಡುತ್ತದೆ.

ಸಾವಿನ ದೃಶ್ಯಕ್ಕೆ ಮಳೆ ಸುರಿಸುವುದು ಸುಲಭ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವೆ ಬರುವ ತುಳು ತಿಂಗಳಲ್ಲಿ, ಮಂಗಳೂರಿನ ಮಳೆ ಯಾರ ದುಃಖಕ್ಕೂ ಕಾಯುವುದಿಲ್ಲ, ಹೇಗೂ ಸುರಿಯುತ್ತಿರುತ್ತದೆ. ಹಾಗಾಗಿ ಮಳೆಗೊಂದು ಕೆಲಸ ಕೊಡುತ್ತೇನೆ: ಚಿತೆಗೆ ಒಣ ಸೌದೆ ಸಿಗಲಿಲ್ಲ, ಒಡೆದ ಹಂಚಿನಡಿ ಇಟ್ಟ ಪಾತ್ರೆ ತುಂಬಿತು. ವಾಸ್ತವ ತಪ್ಪಿದರೆ ಸಂಕೇತವೂ ನಿಲ್ಲದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಿಡುಗಡೆಯ ಸಂಕೇತವೆಂದು ಜುಲೈಯಲ್ಲಿ ಟ್ರಾಲ್ ಬೋಟನ್ನು ಕಡಲಿಗಿಳಿಸಿದರೆ ಮೀನುಗಾರಿಕಾ ಬಂದರು ಮಲ್ಪೆಯ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ತುಳುನಾಡಿನವರು ನಂಬಿ ಆರಾಧಿಸುವ ದೈವದ ವಿಷಯದಲ್ಲಿ. ದೈವದ ಆರಾಧನೆಯಾದ ಕೋಲದ ಅಂಗಳದಲ್ಲಿ ಕೈಮುಗಿದು ನಿಂತ ಪಾತ್ರಕ್ಕೆ ದೈವ ಯಾವುದರ ಸಂಕೇತವೂ ಅಲ್ಲ, ದೈವವೇ. ಆ ಮನೆಯ ಜಾಗದ ತಕರಾರು, ದೈವ ಕೊಟ್ಟ ನುಡಿ, ಅದನ್ನು ಕೇಳಿದ ಮೇಲೆ ಅಣ್ಣತಮ್ಮಂದಿರು ಮಾಡಿದ್ದೇನು, ಇಷ್ಟು ಇದ್ದರೆ ದೃಶ್ಯ ಉಳಿಯುತ್ತದೆ. ಬರೀ ಬೆನ್ನಿಗೆ ಕಟ್ಟುವ ಅಣಿ, ತೆಂಗಿನ ಎಳೆಗರಿಯ ಸಿರಿ, ದೊಂದಿಯ ಬೆಳಕಷ್ಟೇ ಇದ್ದರೆ ಎಷ್ಟೇ ಚೆನ್ನಾಗಿದ್ದರೂ ಇಡೀ ಪುಟ ತೆಗೆಯುತ್ತೇನೆ.